ಡೊಂಬಿವಲಿಯಿಂದ ಕಂಡ ಸ್ಲಾಡ್

ಮಾಟುಂಗಾದ ಕಿಂಗ್ಸ್ ಸರ್ಕಲ್‌ನಲ್ಲಿ ಫುಟ್‌ಪಾತಿನ ಮೇಲೆ ಹಳೇ ಪುಸ್ತಕ ಹರಡಿಕೊಂಡು ಕೂರುವವರಿದ್ದಾರೆ. ಮುಂಬಯಿ ಕನ್ನಡಿಗರಿಗೆ ಆ ಜಾಗ ಹೊಸದಲ್ಲ. ಮೈಸೂರು ಅಸೋಸಿಯೇಶನ್‌ಗೆ ನಾಟಕಕ್ಕೋ ಉಪನ್ಯಾಸಕ್ಕೋ ಬಂದವರು, ಕಾರ್ಯಕ್ರಮ ಶುರುವಾಗಲು ಇನ್ನೂ ಅರ್ಧ ಗಂಟೆ ಇದೆಯೆಂದರೆ, ಒಂದು ಕಾಫಿ ಕುಡಿದು ಅಲ್ಲೊಂದು ಸುತ್ತು ಹಾಕುವುದು ರೂಢಿ. ೧೯೮೯ರ ಮಳೆಗಾಲದಲ್ಲಿ ಅಲ್ಲೇ ನನಗೆ ಲಾರಿ ಲೀ ಬರೆದ ‘ಸೈಡರ್ ವಿತ್ ರೋಸಿ’ ಸಿಕ್ಕಿತು. ಹತ್ತು ರೂಪಾಯಿ ಹೇಳಿದ, ಆರಕ್ಕೆ ಕೊಟ್ಟ. ರಟ್ಟು ಹೋಗಿತ್ತು, ಒಳಗೆ ಯಾವನೋ ಕಾಲೇಜು ಹುಡುಗ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದ. ಲೇಖಕನ ಹೆಸರು ನಾನು ಕೇಳಿದ್ದೇ ಇಲ್ಲ. ಮೊದಲ ಪುಟ ಓದಿ ನೋಡಿದೆ. ಮೂರು ವರ್ಷದ ಪೋರನೊಬ್ಬನನ್ನು ಗಾಡಿಯಿಂದ ಇಳಿಸಿದ್ದಾರೆ, ಜೂನ್ ತಿಂಗಳ ಹುಲ್ಲು ಅವನಿಗಿಂತ ಎತ್ತರ ಬೆಳೆದಿದೆ, ಅವನಿಗೆ ದಿಕ್ಕು ತೋಚದೆ ಅಳು ಬಂದಿದೆ. ಅಷ್ಟು ಸಾಕಾಯಿತು. ಆ ಸಂಜೆ ನಾಟಕ ಯಾವುದಿತ್ತೆಂದು ಈಗ ನೆನಪಿಲ್ಲ.

ಆಗ ನಾನು ದಿನಾ ಡೊಂಬಿವಲಿಯಿಂದ ವಿ.ಟಿ.ಗೆ ಹೋಗಿ ಬರುತ್ತಿದ್ದೆ. ಲೋಕಲ್ ಟ್ರೇನಿನಲ್ಲಿ ಕೂರಲು ಜಾಗ ಸಿಗುವುದು ಅದೃಷ್ಟದ ಮಾತು. ನಿಂತುಕೊಂಡೇ, ಒಂದು ಕೈ ಮೇಲಿನ ಹಿಡಿಕೆಗೆ, ಒಂದು ಕೈಯಲ್ಲಿ ಪುಸ್ತಕ, ಹೀಗೆ ಹತ್ತು ಹನ್ನೆರಡು ದಿನಗಳಲ್ಲಿ ಇಂಗ್ಲೆಂಡಿನ ಒಂದು ಕಣಿವೆಯನ್ನು ಓದಿ ಮುಗಿಸಿದೆ. ಥಾಣೆ, ಮುಲುಂಡ್, ಘಾಟ್ಕೋಪರ್ ದಾಟುವಾಗ ನಾನು ಇದ್ದದ್ದು ಸ್ಲಾಡ್ ಎಂಬ ಊರಿನಲ್ಲಿ.

ಸ್ಲಾಡ್ ಇರುವುದು ಗ್ಲಾಸ್ಟರ್‌ಶೈರ್‌ನಲ್ಲಿ, ಸ್ಟ್ರೌಡ್ ಎಂಬ ಉಣ್ಣೆ ಗಿರಣಿಗಳ ಪೇಟೆಯಿಂದ ಎರಡು ಮೈಲಿ. ಲೀ ಹುಟ್ಟಿದ್ದು ಆ ಪೇಟೆಯಲ್ಲಿ, ೧೯೧೪ರಲ್ಲಿ. ಬೆಳೆದದ್ದು ಮಾತ್ರ ಈ ಹಳ್ಳಿಯಲ್ಲಿ. ೧೯೩೪ರಲ್ಲಿ ಮನೆ ಬಿಟ್ಟು, ಕೈಯಲ್ಲಿ ಒಂದು ಪಿಟೀಲು ಹಿಡಿದು, ನಡೆದುಕೊಂಡೇ ಲಂಡನ್ನಿಗೆ ಹೋದ. ಅಲ್ಲಿಂದ ಸ್ಪೇನ್ ಸುತ್ತಿದ. ಮೊದಲು ಹೆಸರು ಮಾಡಿದ್ದು ಕವಿಯಾಗಿ. ಲಂಡನ್ನಿನಲ್ಲಿ ಕೂತು ತನ್ನೂರಿನ ಬಗ್ಗೆ ಬರೆದ ಈ ಪುಸ್ತಕ ೧೯೫೯ರಲ್ಲಿ ಹೊರಬಂದದ್ದೇ ತಡ, ಲಕ್ಷಗಟ್ಟಲೆ ಮಾರಾಟವಾಯಿತು. ಅಲ್ಲಿನ ಶಾಲೆಗಳಲ್ಲಿ ಪಠ್ಯವೂ ಆಯಿತು. ಅದರ ದುಡ್ಡಿನಿಂದಲೇ ಆತ ಸ್ಲಾಡ್‌ನಲ್ಲಿ ಮನೆ ಮಾಡಿ ಮರಳಿ ಹೋದ. ೧೯೯೭ರಲ್ಲಿ ಅಲ್ಲೇ ತೀರಿಕೊಂಡ, ಊರಿನ ಚರ್ಚಿನ ಅಂಗಳದಲ್ಲೇ ಮಣ್ಣಾದ. ಬದುಕಿದ್ದಾಗ ಒಮ್ಮೆ ಊರಿನ ಪಬ್ಬಿನ ಹೊರಗೆ ಕೂತಿದ್ದವನನ್ನು ಶಾಲಾಮಕ್ಕಳು ಬಂದು ‘ಲಾರಿ ಲೀಯ ಗೋರಿ ಎಲ್ಲಿದೆ?’ ಅಂತ ಕೇಳಿದರಂತೆ. ಪಠ್ಯಪುಸ್ತಕದ ಲೇಖಕರೆಲ್ಲ ಸತ್ತಿರುತ್ತಾರೆ ಅಂತ ಮಕ್ಕಳ ನಂಬಿಕೆ. ನಮ್ಮಲ್ಲೂ ಅಷ್ಟೇ.

ಊರು ಬಿಟ್ಟವನು ಊರಿನ ಬಗ್ಗೆ ಬರೆದು, ಆ ಬರೆದದ್ದರ ದುಡ್ಡಿನಲ್ಲೇ ಊರಿಗೆ ಮರಳುವುದು! ಮುಂಬಯಿಯಲ್ಲಿ ಕೂತು ಕನ್ನಡದಲ್ಲಿ ಬರೆಯುವ ಯಾರಿಗೆ ತಾನೇ ಹೊಟ್ಟೆಕಿಚ್ಚಾಗುವುದಿಲ್ಲ?

ಕುಮಟಾದ ಕಡೆಯ ಹಳ್ಳಿಯವನಾದ ನನ್ನನ್ನು ಆ ಪುಸ್ತಕ ಹಿಡಿದದ್ದು ಹುಲ್ಲು ಹೂವುಗಳಿಂದಲ್ಲ, ಮಳೆಯಿಂದ. ಲೀಯ ಮನೆ ಇದ್ದದ್ದು ಇಳಿಜಾರಿನ ಕೆಳಗೆ. ದೊಡ್ಡ ಮಳೆ ಬಂದರೆ ಮೇಲಿನ ದರೆಯಿಂದ ಕೆಸರುನೀರು ನುಗ್ಗಿ ಸೀದಾ ಅಡುಗೆಮನೆಗೆ ಬರುತ್ತಿತ್ತು. ತಾಯಿಯೂ ಅಕ್ಕಂದಿರೂ ಪೊರಕೆ ಹಿಡಿದು ನೀರನ್ನು ಹೊರಗೆ ದಬ್ಬುತ್ತಿದ್ದರು. ಇಂಗ್ಲೆಂಡೆಂದರೆ ರಾಣಿ, ರೈಲು, ಷೇಕ್ಸ್‌ಪಿಯರ್ ಅಂದುಕೊಂಡಿದ್ದ ನನಗೆ ಅಲ್ಲೂ ಬಚ್ಚಲುಗಂಡಿ ಕಟ್ಟಿಕೊಳ್ಳುತ್ತದೆ ಅಂತ ತಿಳಿದು ಆದ ಆನಂದ ಅಷ್ಟಿಷ್ಟಲ್ಲ. ಮತ್ತೆ ಆ ಇಬ್ಬರು ಮುದುಕಿಯರು: ಒಂದೇ ಕಟ್ಟಡದಲ್ಲಿ ಒಬ್ಬಾಕೆ ಮೇಲೆ, ಒಬ್ಬಾಕೆ ಕೆಳಗೆ. ಜನ್ಮದಲ್ಲಿ ಮಾತಿಲ್ಲ, ಒಬ್ಬಳ ಹೆಸರನ್ನು ಇನ್ನೊಬ್ಬಳು ಎತ್ತುವುದಿಲ್ಲ, ಆದರೆ ಒಬ್ಬಳು ಹೋದ ಮೇಲೆ ಇನ್ನೊಬ್ಬಳು ಬಹಳ ದಿನ ಉಳಿಯಲಿಲ್ಲ. ಇಂಥ ಜೋಡಿ ಇಲ್ಲದ ಕೇರಿ ನಮ್ಮ ಜಿಲ್ಲೆಯಲ್ಲಿ ಯಾವುದಿದೆ?

ಓದಿದ ಗುಂಗಿನಲ್ಲಿ ನಾನೂ ಒಂದು ಬರೆದೆ. ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಗೆ, ‘ನಮ್ಮೂರ ಬಾವಿ’ ಅಂತ. ಬಾವಿಯ ಪಾಚಿ, ಅದರೊಳಗಿನ ಆಮೆ, ಬೇಸಿಗೆಯಲ್ಲಿ ಮುಖಕ್ಕೆ ತಾಗುವ ತಂಪು, ರಾಟೆಯ ಕಿರ್ರೆನ್ನುವ ಸದ್ದು, ಎಲ್ಲ ಬಂತು. ಸಂಘದವರು ಹೊಗಳಿದರು. ಊರಲ್ಲೇ ಉಳಿದ ಅಕ್ಕನಿಗೆ ಒಂದು ಪ್ರತಿ ಕಳಿಸಿದೆ. ಮೇ ತಿಂಗಳಲ್ಲಿ ಹೋದಾಗ ಕೇಳಿದೆ, ಓದಿದೆಯಾ ಅಂತ.

“ಚಲೋ ಬರ್ದಿದ್ದೆ ತಮ್ಮಾ” ಅಂದಳು. “ಬಾವಿ ಅಷ್ಟು ತಂಪು ಇತ್ತು ಅಂತೆಲ್ಲ ಬರ್ದಿದ್ದೆಯಲ್ಲ, ಆ ನೀರು ಸೇದ್ತಾ ಇದ್ದದ್ದು ಯಾರು ಅಂತ ಮಾತ್ರ ಬರೀಲೇ ಇಲ್ಲ.”

ಸಿಟ್ಟಿನಿಂದ ಹೇಳಿದ್ದಲ್ಲ. ಹಲಸಿನಕಾಯಿ ಹೆಚ್ಚುತ್ತಾ ಹೇಳಿದ್ದು. ಸೇದುತ್ತಿದ್ದವಳು ಅವಳೇ. ಹಿತ್ತಲಿನ ಗಿಡಗಳಿಗೆ, ದನಕ್ಕೆ, ಬಚ್ಚಲಿನ ಹಂಡೆಗೆ, ಬೆಳಿಗ್ಗೆ ಸಂಜೆ ಸೇರಿ ನಲವತ್ತು ಐವತ್ತು ಕೊಡ. ನಾನು ಬಾವಿಕಟ್ಟೆಯ ಮೇಲೆ ಕೂತು ಆಮೆ ನೋಡುತ್ತಿದ್ದೆ. ಇಂಥ ವಿಮರ್ಶೆಯನ್ನು ನನಗೆ ಯಾವ ವಿಮರ್ಶಕರೂ ಮಾಡಿರಲಿಲ್ಲ. ವಾಪಸು ಬಂದವನೇ ಲೀಯ ಪುಸ್ತಕವನ್ನು ಎರಡನೇ ಸಲ ಕೈಗೆತ್ತಿಕೊಂಡೆ. ಈ ಸಲ ನೀರು ಸೇದುವವರು ಯಾರು ಅಂತ ನೋಡಲಿಕ್ಕೇ.

ನೋಡಿದರೆ ಅಲ್ಲಿಯೂ ಅಕ್ಕಂದಿರೇ. ಲೀಯ ತಂದೆಗೆ ಮೊದಲ ಹೆಂಡತಿಯ ಮಕ್ಕಳಿದ್ದರು. ಮಾರ್ಜೊರಿ, ಡೊರೊತಿ, ಫಿಲಿಸ್ ಎಂಬ ಮೂವರು ಹುಡುಗಿಯರು ಈ ಮಲತಾಯಿಯ ಮನೆಯಲ್ಲೇ ಬೆಳೆದರು. ಒಬ್ಬಳು ಟೋಪಿ ಹೊಲಿಯುವ ಅಂಗಡಿಗೆ, ಒಬ್ಬಳು ಗಿರಣಿಯ ಕಚೇರಿಗೆ, ಮತ್ತೊಬ್ಬಳು ಬೂಟಿನ ಅಂಗಡಿಗೆ ಅಂತ ಸ್ಟ್ರೌಡ್‌ಗೆ ದುಡಿಯಲು ಹೋಗುತ್ತಾರೆ, ಸಂಜೆ ಬಂದು ಚಿಕ್ಕವರ ಮುಖ ತೊಳೆಸಿ ಹೊದೆಸಿ ಮಲಗಿಸುತ್ತಾರೆ. ಲೀ ಅವರನ್ನು ಎಷ್ಟು ಪ್ರೀತಿಯಿಂದ ಬರೆಯುತ್ತಾನೆಂದರೆ ದೇವತೆಗಳೇ ಇಳಿದು ಬಂದ ಹಾಗೆ. ತೊಂದರೆ ಇರುವುದೂ ಅಲ್ಲೇ. ದೇವತೆಗಳಿಗೆ ಬೆನ್ನು ನೋಯುವುದಿಲ್ಲ. ದಿನವಿಡೀ ಅಂಗಡಿಯಲ್ಲಿ ನಿಂತು ಬಂದ ಹದಿಹರೆಯದ ಹುಡುಗಿಗೆ ಇನ್ನೊಬ್ಬಳ ಮಗುವಿನ ಮೂಗು ಒರೆಸುವಾಗ ಏನನ್ನಿಸುತ್ತಿತ್ತು ಎಂಬುದು ಆ ಪುಸ್ತಕದಲ್ಲಿ ಇಲ್ಲ. ಅದು ಮಂಚದ ಕೆಳಗಿಂದ, ಮೇಜಿನ ಅಡಿಯಿಂದ ಜಗತ್ತನ್ನು ನೋಡುವ ಹುಡುಗನ ಪುಸ್ತಕ. ಹಾಗಿರುವುದು ತಪ್ಪಲ್ಲ. ಆದರೆ ಬರೆದವನಿಗೆ ಆಗ ನಲವತ್ತೈದು ವರ್ಷ.

ಇನ್ನೊಂದು ವಿಷಯ ಮೊದಲ ಓದಿನಲ್ಲಿ ನಾನು ಗಮನಿಸಿಯೇ ಇರಲಿಲ್ಲ. ಈ ಮನೆಗೆ ಗಂಡಸಿಲ್ಲ. ತಾಯಿ ಆ್ಯನಿ ದೊಡ್ಡವರ ಮನೆಗಳಲ್ಲಿ ಕೆಲಸಕ್ಕಿದ್ದವಳು, ಆಮೇಲೆ ತನ್ನ ತಂದೆಯ ಪಬ್ಬನ್ನು ನೋಡಿಕೊಂಡವಳು. ಹೆಂಡತಿ ಸತ್ತ, ಮಕ್ಕಳಿರುವ ಒಬ್ಬನಿಗೆ ಮನೆ ನೋಡಿಕೊಳ್ಳುವವಳು ಬೇಕು ಅಂತ ಪತ್ರಿಕೆಯಲ್ಲಿ ಜಾಹೀರಾತು ಓದಿ ಹೋದಳು, ಅವನನ್ನೇ ಮದುವೆಯಾದಳು. ಮಕ್ಕಳಾದವು. ಅವನು ಮೊದಲ ಮಹಾಯುದ್ಧಕ್ಕೆಂದು ಹೋದವನು ಲಂಡನ್ನಿನಲ್ಲಿ ನೌಕರಿ ಹಿಡಿದು ಅಲ್ಲೇ ನಿಂತ. ಸ್ವಲ್ಪ ದುಡ್ಡು ಕಳಿಸುತ್ತಿದ್ದ. ಬರಲಿಲ್ಲ. ಈಕೆ ಒಡೆದ ಪಿಂಗಾಣಿ ಬಟ್ಟಲು ಕೂಡಿಹಾಕುತ್ತ, ಸಿಕ್ಕ ಕಡ್ಡಿಯನ್ನೆಲ್ಲ ನೆಟ್ಟು ಹೂ ಬಿಡಿಸುತ್ತ, ಪ್ರತಿ ಸಲವೂ ಬಸ್ಸಿಗೆ ತಡಮಾಡಿ ಊರನ್ನೆಲ್ಲ ಕಾಯಿಸುತ್ತ, ಮೂವತ್ತು ವರ್ಷ ಅವನ ದಾರಿ ನೋಡಿದಳು. ಲಂಡನ್ನಿನ ಹೊರವಲಯದ ಮೋರ್ಡನ್‌ನಲ್ಲಿ ಅವನು ಸತ್ತ ಸುದ್ದಿ ಬಂದ ಮೇಲೆ ಅವಳ ಮನಸ್ಸಿನ ಹಿಡಿತ ತಪ್ಪುತ್ತ ಹೋಯಿತು.

ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಮುಂಬಯಿಯ ಹೋಟೆಲುಗಳಿಗೆ, ಗಿರಣಿಗಳಿಗೆ, ಆಫೀಸುಗಳಿಗೆ ಬಂದ ಎಷ್ಟು ಗಂಡಸರು ಮನಿಯಾರ್ಡರಿನ ಒಂದು ಫಾರ್ಮಾಗಿ ಮಾತ್ರ ಊರಲ್ಲಿ ಉಳಿದರು! ನಮ್ಮ ಚಿಕ್ಕಪ್ಪನೂ ಅವರಲ್ಲೊಬ್ಬ. ತಿಂಗಳಿಗೊಮ್ಮೆ ಪೋಸ್ಟಿನವನು ಬರುತ್ತಿದ್ದ, ಚಿಕ್ಕಮ್ಮ ಹೆಬ್ಬೆಟ್ಟು ಒತ್ತುತ್ತಿದ್ದಳು, ಅಷ್ಟೇ ಸಂಸಾರ. ಲೀಯ ಪುಸ್ತಕ ಓದುವಾಗ ನಾನು ನನ್ನನ್ನು ಆ ಹುಡುಗನ ಜಾಗದಲ್ಲಿಟ್ಟುಕೊಂಡೇ ಓದಿದ್ದೆ. ಎಲ್ಲ ಓದುಗರೂ ಹಾಗೇ ಓದುತ್ತಾರೆ. ಆದರೆ ಡೊಂಬಿವಲಿಯಲ್ಲಿ ಫ್ಲಾಟ್ ಮಾಡಿಕೊಂಡು, ವರ್ಷಕ್ಕೊಮ್ಮೆ ಊರಿಗೆ ಹೋಗಿ, ದುಡ್ಡು ಕಳಿಸಿ ಕೈ ತೊಳೆದುಕೊಳ್ಳುವವನಿಗೆ ಆ ಪುಸ್ತಕದಲ್ಲಿ ನಿಜವಾದ ಜಾಗ ಯಾವುದು? ಮೋರ್ಡನ್‌ನಲ್ಲಿ ಕೂತಿರುವ ಆ ಅಪ್ಪನದು. ಅವನಿಗೆ ಪುಸ್ತಕದಲ್ಲಿ ಒಂದು ಅಧ್ಯಾಯವೂ ಇಲ್ಲ.

ಫ್ಲೋರಾ ಥಾಮ್ಸನ್ ನನಗೆ ಸಿಕ್ಕಿದ್ದು ಇದಾದ ಎಷ್ಟೋ ವರ್ಷಗಳ ಮೇಲೆ. ‘ಲಾರ್ಕ್ ರೈಸ್ ಟು ಕ್ಯಾಂಡಲ್‌ಫರ್ಡ್’ ಎಂದು ಈಗ ಒಟ್ಟಾಗಿ ಅಚ್ಚಾಗುವುದು ಮೊದಲು ಮೂರು ಪುಸ್ತಕ: ೧೯೩೯, ೧೯೪೧, ೧೯೪೩. ಆಕ್ಸ್‌ಫರ್ಡ್‌ಶೈರ್‌ನ ಜುನಿಪರ್ ಹಿಲ್ ಎಂಬ ಮೂವತ್ತು ಮನೆಗಳ ಕೊಂಪೆಯಲ್ಲಿ ೧೮೭೬ರಲ್ಲಿ ಹುಟ್ಟಿದ ಹೆಂಗಸು. ತಂದೆ ಕಲ್ಲುಕುಟಿಗ. ಶಾಲೆ ಮುಗಿದದ್ದೇ ಹದಿನಾಲ್ಕಕ್ಕೆ ಪೋಸ್ಟಾಫೀಸಿನ ಕೆಲಸಕ್ಕೆ ಸೇರಿದಳು. ಪೋಸ್ಟಿನವನನ್ನೇ ಮದುವೆಯಾಗಿ ವರ್ಗವಾದಲ್ಲೆಲ್ಲ ಅಲೆದು, ಕೊನೆಗೆ ದೂರದ ಡೆವನ್‌ನ ಕಡಲ ದಂಡೆಯಲ್ಲಿ ಕೂತು, ಅರವತ್ತು ದಾಟಿದ ಮೇಲೆ ತನ್ನ ಬಾಲ್ಯ ಬರೆದಳು. ‘ನಾನು’ ಅಂತ ಬರೆಯಲಿಲ್ಲ. ‘ಲಾರಾ’ ಎಂಬ ಹುಡುಗಿಯ ಕತೆ ಅಂತ ಬರೆದಳು. ಆ ದೂರ ಒಳ್ಳೆಯದೇ ಮಾಡಿದೆ.

ಲೀಯಲ್ಲಿ ಪ್ರತಿ ಸಾಲಿಗೂ ಒಂದು ಉಪಮೆ. ಎರಡು ಅಧ್ಯಾಯ ಒಟ್ಟಿಗೆ ಓದಿದರೆ ತುಪ್ಪ ಹೆಚ್ಚಾದ ಹೋಳಿಗೆ ತಿಂದ ಹಾಗೆ. ಥಾಮ್ಸನ್‌ಳಲ್ಲಿ ಉಪಮೆ ಕಡಿಮೆ, ಲೆಕ್ಕ ಹೆಚ್ಚು. ಗದ್ದೆಯಲ್ಲಿ ದುಡಿಯುವವನ ಕೂಲಿ ವಾರಕ್ಕೆ ೧೦ ಶಿಲಿಂಗ್. ಅದರಲ್ಲಿ ಬಾಡಿಗೆ ಎಷ್ಟು, ಬ್ರೆಡ್ಡಿಗೆ ಎಷ್ಟು, ಮಕ್ಕಳ ಬೂಟಿಗೆ ಏನು ಗತಿ? ಪ್ರತಿ ಮನೆಯ ಹಿಂದೆ ಒಂದು ಹಂದಿ. ಅದೇ ಚಳಿಗಾಲದ ಮಾಂಸ. ಭಾನುವಾರ ಗಂಡಸರೆಲ್ಲ ಹಂದಿಗೂಡಿನ ಗೋಡೆಗೆ ಒರಗಿ ಅದರ ಬೆನ್ನು ಕೆರೆಯುತ್ತ ಮಾತಾಡುವುದು ಊರಿನ ಸಭೆ. ಆದರೆ ಎಷ್ಟೋ ಸಲ, ತಿನ್ನಿಸಿದ ಹಿಟ್ಟಿನ ಸಾಲಕ್ಕಾಗಿ, ಹಂದಿ ಬದುಕಿರುವಾಗಲೇ ಅದರ ಅರ್ಧ ಭಾಗ ಇನ್ನೊಬ್ಬರ ಪಾಲಾಗಿರುತ್ತಿತ್ತು. ಸುಗ್ಗಿ ಮುಗಿದ ಗದ್ದೆಯಲ್ಲಿ ಹೆಂಗಸರೂ ಮಕ್ಕಳೂ ಎರಡು ಮೂರು ವಾರ ಹಕ್ಕಲು ಆಯುತ್ತಾರೆ. ಬಗ್ಗಿದ ಬೆನ್ನು ಎತ್ತದೆ ಆಯ್ದ ಆ ತೆನೆಯೇ ಚಳಿಗಾಲದ ಬ್ರೆಡ್ಡು. ಹಕ್ಕಲು ಎಂಬ ಮಾತು ಬಂದಾಗ ನನಗೆ ನಮ್ಮ ಗದ್ದೆಯ ಕೊಯ್ಲಿನ ಮೇಲೆ ತೆನೆ ಆಯಲು ಬರುತ್ತಿದ್ದ ಹೆಂಗಸರ ನೆನಪಾಯಿತು. ಅವರು ಯಾವ ಕೇರಿಯಿಂದ ಬರುತ್ತಿದ್ದರು, ಹೆಸರೇನು, ಒಬ್ಬರದೂ ನನಗೆ ಗೊತ್ತಿಲ್ಲ. ಬಾವಿಯ ಆಮೆ ನೆನಪಿದೆ.

ಇನ್ನು ಹುಡುಗಿಯರ ವಿಷಯ. ಹನ್ನೆರಡು ಹದಿಮೂರು ದಾಟಿದ ಒಬ್ಬ ಹುಡುಗಿಯೂ ಆ ಊರಲ್ಲಿ ಉಳಿಯುತ್ತಿರಲಿಲ್ಲ. ಎಲ್ಲರನ್ನೂ ಪೇಟೆಯ ಮನೆಗೆಲಸಕ್ಕೆ ಕಳಿಸುತ್ತಿದ್ದರು. ಅವರು ಸಂಬಳದಲ್ಲಿ ಉಳಿಸಿ ತಾಯಿಗೆ ಕಳಿಸುತ್ತಿದ್ದರು, ಒಡತಿಯರು ಬಿಟ್ಟ ಹಳೇ ಬಟ್ಟೆಯ ಪಾರ್ಸೆಲ್ ಬರುತ್ತಿತ್ತು. ಊರಿನ ಬಡತನಕ್ಕೆ ತೇಪೆ ಹಚ್ಚಿದ್ದು ಊರು ಬಿಟ್ಟ ಈ ಮಕ್ಕಳು. ಲೀ ಅಪ್ಪನನ್ನು ಹೊರಗಿಟ್ಟ, ಥಾಮ್ಸನ್ ಮಾತ್ರ ಊರು ಬಿಟ್ಟವರನ್ನೂ ಊರಿನ ಲೆಕ್ಕದೊಳಗೇ ಬರೆದಳು. ವಲಸೆಯ ಬಗ್ಗೆ ಯೋಚಿಸುವವರಿಗೆ ಇವಳ ಪುಸ್ತಕ ಹೆಚ್ಚು ಪ್ರಯೋಜನದ್ದು ಅಂತ ನಾನು ಹೇಳುವುದು ಇದಕ್ಕೇ. ಮೊದಲ ಪುಸ್ತಕದ ಕೊನೆಯಲ್ಲಿ ಆಕೆ ಚರ್ಚಿನ ಗೋಡೆಯ ಹಿತ್ತಾಳೆ ಫಲಕಕ್ಕೆ ಬರುತ್ತಾಳೆ. ಮೊದಲ ಮಹಾಯುದ್ಧದಲ್ಲಿ ಸತ್ತ ಅದೇ ಕೊಂಪೆಯ ೧೧ ಹುಡುಗರ ಹೆಸರು. ಕೊನೆಯ ಹೆಸರು ತಮ್ಮನದು. ಒಂದು ಹನಿ ಕಣ್ಣೀರು ಹಾಕದೆ ಹೆಸರನ್ನು ಹೇಳಿ ಪುಸ್ತಕ ಮುಚ್ಚುತ್ತಾಳೆ.

ಹಾಗಂತ ಲೀಯನ್ನು ಬರೀ ಸಿಹಿ ಮಾರುವವ ಅನ್ನುವುದು ಅನ್ಯಾಯ. ತಪ್ಪು ಅರ್ಧ ನಮ್ಮದು, ಓದುಗರದು. ಹುಲ್ಲಿನ ಬಂಡಿಯ ಕೆಳಗೆ ರೋಸಿಯ ಜೊತೆ ಸೇಬಿನ ಮದ್ಯ ಕುಡಿದ ಆ ಒಂದು ಪ್ರಸಂಗವನ್ನು ಹಿಡಿದುಕೊಂಡು ಉಳಿದದ್ದನ್ನು ಮರೆತವರು ನಾವು. ಅದೇ ಪುಸ್ತಕದಲ್ಲಿ ಒಂದು ಕೊಲೆ ಇದೆ. ನ್ಯೂಜಿಲೆಂಡಿಗೆ ಹೋಗಿ ದುಡ್ಡು ಮಾಡಿ ಬಂದವನೊಬ್ಬ ಕ್ರಿಸ್ಮಸ್ ಸಮಯದಲ್ಲಿ ಪಬ್ಬಿನಲ್ಲಿ ಕೂತು ಜಂಬ ಕೊಚ್ಚುತ್ತಾನೆ, ಉಳಿದವರನ್ನು ಹೀಯಾಳಿಸುತ್ತಾನೆ. ರಾತ್ರಿ ದಾರಿಯಲ್ಲಿ ಅವನನ್ನು ಹೊಡೆದು ಹಿಮದಲ್ಲಿ ಬಿಟ್ಟು ಹೋಗುತ್ತಾರೆ. ಸಾಯುತ್ತಾನೆ. ಮಾಡಿದವರು ಯಾರೆಂದು ಊರಿಗೆಲ್ಲ ಗೊತ್ತು, ಪೊಲೀಸರಿಗೆ ಒಬ್ಬರೂ ಬಾಯಿ ಬಿಡುವುದಿಲ್ಲ. ಸತ್ತವನು ಯಾರು ನೋಡಿ: ಹೊರಗೆ ಹೋಗಿ, ಗೆದ್ದು, ಮರಳಿ ಬಂದವನು! ಗಣೇಶ ಚೌತಿಗೆ ಊರಿಗೆ ಹೋಗಿ ಅರಳಿಕಟ್ಟೆಯಲ್ಲಿ ಕೂತು ‘ನಮ್ಮ ಮುಂಬಯಿಯಲ್ಲಿ’ ಅಂತ ಮಾತು ತೆಗೆಯುವವರೆಲ್ಲ ಈ ಅಧ್ಯಾಯ ಒಮ್ಮೆ ಓದಬೇಕು.

ಇನ್ನೊಂದು, ನನ್ನನ್ನು ಬಹಳ ದಿನ ಕಾಡಿದ್ದು, ಮುದಿ ದಂಪತಿಗಳ ಕತೆ. ಐವತ್ತು ವರ್ಷ ಜೊತೆಗೆ ಬಾಳಿದವರು. ಕೈಲಾಗದ ಸ್ಥಿತಿಗೆ ಬಂದಾಗ ಅಧಿಕಾರಿಗಳು ಬಂದು, ಒಳ್ಳೆಯದಕ್ಕೇ ಅಂತ, ವರ್ಕ್‌ಹೌಸಿಗೆ ಸಾಗಿಸುತ್ತಾರೆ. ಅನಾಥ ಬಡವರನ್ನು ಇಡುವ ಸರಕಾರಿ ಮನೆ ಅದು. ಅಲ್ಲಿ ಹೆಂಗಸರ ವಿಭಾಗ ಬೇರೆ, ಗಂಡಸರ ವಿಭಾಗ ಬೇರೆ. ಬೇರೆ ಮಾಡಿದ ಕೆಲವೇ ದಿನಗಳಲ್ಲಿ ಇಬ್ಬರೂ ತೀರಿಕೊಳ್ಳುತ್ತಾರೆ. ಇಲ್ಲಿ ಲೀಯ ಉಪಮೆಗಳೆಲ್ಲ ನಿಂತುಹೋಗುತ್ತವೆ, ವಾಕ್ಯಗಳು ಚಿಕ್ಕದಾಗುತ್ತವೆ. ಬರೆಯಲು ಗೊತ್ತಿದ್ದವನು ಅಂತ ಆಗ ತಿಳಿಯುತ್ತದೆ.

ಆದರೆ ಒಂದು ಕಡೆ ಮಾತ್ರ ಅವನನ್ನು ಒಪ್ಪಲು ನನ್ನಿಂದ ಆಗಿಲ್ಲ. ಹದಿಹರೆಯದ ಹುಡುಗರ ಗುಂಪು, ಅದರಲ್ಲಿ ಲೀಯೂ ಒಬ್ಬ, ಬುದ್ಧಿ ತುಸು ಕಡಿಮೆಯಿದ್ದ, ದೇವರ ಮಾತನ್ನು ಮರಗಳ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತ ಕಾಡಿನಲ್ಲಿ ಒಬ್ಬಳೇ ಓಡಾಡುವ ಹದಿನಾರರ ಹುಡುಗಿಯನ್ನು ಅತ್ಯಾಚಾರ ಮಾಡಲು ಹೊಂಚು ಹಾಕುತ್ತದೆ. ಎದುರಾದಾಗ ಧೈರ್ಯ ಸಾಲುವುದಿಲ್ಲ. ಅವಳು ಒಬ್ಬನಿಗೆ ಏಟು ಕೊಟ್ಟು ಪಾರಾಗುತ್ತಾಳೆ. ಲೀ ಇದನ್ನು ಹುಡುಗಾಟದ ಹಾಸ್ಯವಾಗಿ ಬರೆದು, ಹಳ್ಳಿ ತನ್ನವರ ತಪ್ಪನ್ನು ತಾನೇ ಹೊಟ್ಟೆಗೆ ಹಾಕಿಕೊಳ್ಳುತ್ತಿತ್ತು, ಕಾನೂನಿನವರೆಗೆ ಹೋಗುತ್ತಿರಲಿಲ್ಲ ಅಂತ ಮೆಚ್ಚುಗೆಯ ಧ್ವನಿಯಲ್ಲಿ ಹೇಳುತ್ತಾನೆ. ಹೊಟ್ಟೆಗೆ ಹಾಕಿಕೊಳ್ಳುವುದು! ನಮ್ಮಲ್ಲೂ ಈ ಮಾತು ಬಹಳ. ‘ಊರ ಮರ್ಯಾದೆ ಊರಲ್ಲೇ ಇರಲಿ’ ಅಂತ ಎಷ್ಟು ಪಂಚಾಯತಿ ಮುಗಿದಿಲ್ಲ? ಊರಿನ ಒಗ್ಗಟ್ಟು ಅಂತ ದೂರದಲ್ಲಿ ಕೂತು ನಾವು ಹಂಬಲಿಸುವುದರೊಳಗೆ ಇಂಥದೂ ಇರುತ್ತದೆ. ಸಿದ್ಧಲಿಂಗಯ್ಯನವರ ‘ಊರು ಕೇರಿ’ ಓದಿದವರಿಗೆ ಊರಿನ ಒಗ್ಗಟ್ಟು ಯಾರೊಂದಿಗೆ ಯಾರದು ಎಂಬ ಪ್ರಶ್ನೆ ಹೊಸದಲ್ಲ. ಅವರೂ ಬಾಲ್ಯವನ್ನೇ ಬರೆದವರು, ನಗುನಗುತ್ತಲೇ ಬರೆದವರು. ಆದರೆ ಅವರ ನಗುವಿನಲ್ಲಿ ಯಾರ ಏಟೂ ಮರೆಯಾಗುವುದಿಲ್ಲ.

ಲೀಯ ಪುಸ್ತಕದ ಕೊನೆಗೆ ಮೋಟಾರು ಬರುತ್ತದೆ, ಜಮೀನ್ದಾರ ಸಾಯುತ್ತಾನೆ, ಚರ್ಚಿನ ಹಿಡಿತ ಸಡಿಲಾಗುತ್ತದೆ, ಸಾವಿರ ವರ್ಷದ ಬದುಕು ತನ್ನ ಕಣ್ಣೆದುರೇ ಮುಗಿಯಿತು ಅನ್ನುತ್ತಾನೆ. ಅದು ೧೯೨೦ರ ದಶಕ. ಆದರೆ ಅವನಿಗಿಂತ ಮೂವತ್ತೆಂಟು ವರ್ಷ ದೊಡ್ಡವಳಾದ ಥಾಮ್ಸನ್ ತನ್ನ ಬಾಲ್ಯದಲ್ಲೇ, ಅಂದರೆ ೧೮೮೦ರ ಹೊತ್ತಿಗೇ, ಹಳೆಯದು ಮುಗಿಯುತ್ತಿರುವುದನ್ನು ಕಂಡಿದ್ದಳು. ಅವಳ ಊರಿನ ಮುದುಕಿಯರು ಬಯಲಿಗೆ ಬೇಲಿ ಬೀಳುವ ಮೊದಲಿನ ಕಾಲವೇ ಕಾಲ ಅನ್ನುತ್ತಿದ್ದರು. ರೇಮಂಡ್ ವಿಲಿಯಮ್ಸ್ ‘ದ ಕಂಟ್ರಿ ಆ್ಯಂಡ್ ದ ಸಿಟಿ’ಯಲ್ಲಿ (೧೯೭೩) ಹಿಡಿದದ್ದು ಇದನ್ನೇ. ವೇಲ್ಸ್ ಗಡಿಯ ಹಳ್ಳಿಯಲ್ಲಿ ರೈಲ್ವೆ ಸಿಗ್ನಲ್‌ಮನ್‌ನ ಮಗನಾಗಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಪಾಠ ಹೇಳಿದಾತ. ಹಳೆಯ ಹಳ್ಳಿ ಮೊನ್ನೆ ಮೊನ್ನೆ ಮುಗಿಯಿತು ಅಂತ ಬರೆದವರನ್ನು ಹುಡುಕುತ್ತ ಹಿಂದೆ ಹಿಂದೆ ಹೋಗುತ್ತಾನೆ. ಮೇಲೆ ಕೆಳಗೆ ಓಡುವ ಯಂತ್ರದ ಮೆಟ್ಟಿಲಿನ ಹಾಗೆ, ಪ್ರತಿ ತಲೆಮಾರೂ ಅದರ ಹಿಂದಿನ ಮೆಟ್ಟಿಲಿಗೆ ಬೆರಳು ತೋರಿಸುತ್ತದೆ. ೧೭೭೦ರ ಗೋಲ್ಡ್‌ಸ್ಮಿತ್‌ನಿಗೂ ಹಳ್ಳಿ ಆಗಲೇ ಹಾಳುಬಿದ್ದಿತ್ತು.

ನಮ್ಮೂರು ಕೆಟ್ಟದ್ದು ಕರೆಂಟು ಬಂದ ಮೇಲೆ ಅಂತ ನಾನು ಹೇಳುತ್ತಿದ್ದೆ. ನನ್ನ ಅಕ್ಕನ ಮಗ ಮೊಬೈಲು ಬಂದ ಮೇಲೆ ಕೆಟ್ಟಿತು ಅನ್ನುತ್ತಾನೆ. ಅವನಿರುವುದು ಪುಣೆಯಲ್ಲಿ. ಊರಲ್ಲಿರುವವರು ಯಾರೂ ಹೀಗೆ ಹೇಳಿದ್ದನ್ನು ನಾನು ಕೇಳಿಲ್ಲ. ಅವರಿಗೆ ಅಡಿಕೆಯ ರೇಟು, ಮಂಗನ ಕಾಟ, ಕೂಲಿಯಾಳು ಸಿಗದ್ದು, ಇಂಥ ಚಿಂತೆಗಳು.

ದೂರ ಕೂತು ಬರೆದದ್ದೆಲ್ಲ ಸುಳ್ಳು ಅಂತ ಇದರ ಅರ್ಥವಲ್ಲ. ಯಶವಂತ ಚಿತ್ತಾಲರು ಬಾಂದ್ರಾದ ಕಡಲೆದುರು ಕೂತು ಜನ್ಮವಿಡೀ ಹನೇಹಳ್ಳಿಯನ್ನು ಬರೆದರು. ಅವರ ಹನೇಹಳ್ಳಿಯಲ್ಲಿ ಹೆದರಿಕೆ ಇದೆ, ಗುಟ್ಟುಗಳಿವೆ, ಕ್ರೌರ್ಯವಿದೆ, ಊರಿಗೆ ಮರಳಿದವನಿಗೆ ಸುಖವಿಲ್ಲ. ಎಂ. ಎನ್. ಶ್ರೀನಿವಾಸರ ಕತೆ ಇನ್ನೂ ವಿಚಿತ್ರ. ೧೯೪೮ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿದ್ದು ಮಾಡಿಕೊಂಡ ಟಿಪ್ಪಣಿಗಳ ಮೇಲೆ ವರ್ಷಗಟ್ಟಲೆ ದುಡಿದು ಸಿದ್ಧಪಡಿಸಿದ್ದೆಲ್ಲ ೧೯೭೦ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಬಿತ್ತು. ಆಗ ಬರೀ ನೆನಪಿನಿಂದ ಬರೆದದ್ದು ‘ದ ರಿಮೆಂಬರ್ಡ್ ವಿಲೇಜ್’. ನೆನಪು ಲೆಕ್ಕ ಇಡಬಲ್ಲದು, ಇಡಬೇಕು ಅಂತ ಮನಸ್ಸಿದ್ದರೆ. ಲೀ ಪುಸ್ತಕದ ಮೊದಲಲ್ಲೇ ಕಾಲ ಕೆಲವು ಸಂಗತಿಗಳನ್ನು ತಿರುಚಿರಬಹುದು ಅಂತ ಒಂದು ಮಾತು ಹಾಕಿ ಜಾರಿಕೊಂಡ. ಪ್ರಾಮಾಣಿಕ ಮಾತೇ. ಆದರೆ ಕಾಲ ತಿರುಚುವುದು ಯಾವಾಗಲೂ ಬರೆಯುವವನಿಗೆ ಅನುಕೂಲವಾದ ಕಡೆಗೇ ಯಾಕೆ ಅಂತ ನನ್ನ ಪ್ರಶ್ನೆ. ಬಾವಿಯ ಆಮೆಯನ್ನು ನನಗೆ ಉಳಿಸಿ, ಅಕ್ಕನ ಅಂಗೈಯ ಬೊಬ್ಬೆಯನ್ನು ಕಾಲ ಯಾಕೆ ಅಳಿಸಿತು?

ಕಳೆದ ಮೇ ತಿಂಗಳಲ್ಲಿ ಊರಿಗೆ ಹೋದಾಗ ಜಗಲಿಯಲ್ಲಿ ಕೂತು ಅಕ್ಕನಿಗೆ ಲೀಯ ಪುಸ್ತಕದ ಕತೆ ಹೇಳಿದೆ. ಅಡುಗೆಮನೆಗೆ ನೀರು ನುಗ್ಗುವುದು, ಮುದುಕಿಯರ ಜಗಳ, ಬಸ್ಸಿಗೆ ತಡ ಮಾಡುವ ತಾಯಿ. ಮುದುಕಿಯರ ಜಗಳಕ್ಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಕೇಳಿದಳು.

“ಆ ಹೆಂಗಸಿನ ಗಂಡ ಕಡೆಗೆ ಬಂದನಾ?”

“ಇಲ್ಲ.”

“ದುಡ್ಡು ಕಳಿಸ್ತಿದ್ನಾ?”

“ಕಳಿಸ್ತಿದ್ದ. ಸ್ವಲ್ಪ.”

ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಒಣಗಲು ಹಾಕಿದ್ದ ಹಪ್ಪಳ ಮಗುಚಿ ಹಾಕಿ ಬಂದು ಕೂತಳು.

“ಚಿಕ್ಕಮ್ಮಂಗೆ ಕಡೇ ಕಡೇಗೆ ಪೋಸ್ಟಿನವನ ಮುಖ ಒಂದೇ ಗುರುತು ಸಿಕ್ತಿತ್ತು, ಗೊತ್ತುಂಟಾ ನಿಂಗೆ? ನೀ ಆಗ ಮುಂಬಯಿಯಲ್ಲಿ ಇದ್ದೆ.”